ಪೆಟ್ರೋಲು ಇಂಜೆಕ್ಷನ್ ಕಾರುಗಳ ಐಡ್ಲಿಂಗ್ ದೋಷ: ಒಂದು ಚಾರಿತ್ರಿಕ ವಿವೇಚನೆ

೧

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹೊಸ ಸಾಧನಗಳು ಯಾವ ವರ್ಷ, ಎಲ್ಲಿ, ಯಾರಿಂದ ಬಳಕೆಗೆ ಬಂದವೆಂಬುದನ್ನು ಕ್ರಮವಾಗಿ ನಿರೂಪಿಸಿ ತೃಪ್ತರಾಗುತ್ತಾರೆ. ಆ ಸಾಧನಗಳು ಕೆಟ್ಟಾಗ ಏನಾಯಿತು, ಅವುಗಳನ್ನು ಸರಿಪಡಿಸುವ ಕುಶಲಕರ್ಮಿಗಳು ಯಾವ ತಿಳಿವಳಿಕೆಯನ್ನು ಕಳೆದುಕೊಂಡರು, ಯಾವುದನ್ನು ಹೊಸದಾಗಿ ಗಳಿಸಿಕೊಂಡರು ಎಂಬ ಪ್ರಶ್ನೆಗಳು ಬಹುಮಟ್ಟಿಗೆ ಹಿಂದುಳಿದಿವೆ. ಆದರೆ ಯಂತ್ರವೊಂದರ ಒಳಗಿನ ಏರ್ಪಾಡು ಅದು ಸುಗಮವಾಗಿ ನಡೆಯುತ್ತಿರುವಾಗ ನಮ್ಮ ಗಮನಕ್ಕೆ ಬರುವುದಿಲ್ಲ. ನಡಿಗೆ ತಪ್ಪಿದಾಗ ಮಾತ್ರ ಬರುತ್ತದೆ. ಆದುದರಿಂದ ದೋಷಗಳ ಚರಿತ್ರೆಯೂ ಚರಿತ್ರಕಾರನ ಅಧ್ಯಯನಕ್ಕೆ ಅರ್ಹವಾದ ವಿಷಯವೇ ಸರಿ.

ಈ ಲೇಖನದಲ್ಲಿ ಅಂತಹ ಒಂದು ದೋಷವನ್ನು ಎತ್ತಿಕೊಳ್ಳಲಾಗಿದೆ. ಗಾಡಿ ನಿಂತಿರುವಾಗ, ಆಕ್ಸಿಲರೇಟರಿನ ಮೇಲಿಂದ ಕಾಲು ತೆಗೆದ ಮೇಲೆ, ಎಂಜಿನ್ನು ತನ್ನಷ್ಟಕ್ಕೆ ನಿಧಾನವಾಗಿ ತಿರುಗುತ್ತಿರಬೇಕು. ಇದನ್ನು ನಮ್ಮ ಗ್ಯಾರೇಜುಗಳಲ್ಲಿ ‘ಐಡ್ಲಿಂಗ್’ ಎನ್ನುತ್ತಾರೆ. ಹಳೆಯ ಇಂಜೆಕ್ಷನ್ ಕಾರುಗಳಲ್ಲಿ ಈ ತಿರುಗುವಿಕೆ ಸಮವಾಗಿರದೆ ಎಂಜಿನ್ನು ಅದುರುವುದು, ಅದರ ವೇಗ ಏರಿಳಿಯುವುದು, ಕೊನೆಗೆ ಅದು ತಾನಾಗಿಯೇ ನಿಂತುಹೋಗುವುದು ಬಹಳ ಸಾಮಾನ್ಯವಾದ ದೂರು. ಈ ದೂರಿನ ಚರಿತ್ರೆಯನ್ನು ಪರಿಶೀಲಿಸಿದರೆ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಗಾಳಿಯನ್ನು ಅಳೆಯುವ ವಿಧಾನ ಬದಲಾದಂತೆಲ್ಲ ಒಂದೇ ದೋಷದ ಹೊರಲಕ್ಷಣಗಳು ಬದಲಾಗಿವೆ. ಎರಡನೆಯದಾಗಿ, ಲಕ್ಷಣಗಳು ಎಷ್ಟೇ ಬದಲಾದರೂ ಕಾರಣಗಳು ಬಹುಪಾಲು ಹಳೆಯವೇ ಆಗಿ ಉಳಿದಿವೆ. ಈ ಎರಡನ್ನೂ ಗ್ರಹಿಸದೆ ‘ಕಂಪ್ಯೂಟರು ಕೆಟ್ಟಿದೆ’ ಎಂದು ತೀರ್ಮಾನಿಸಿದುದರಿಂದ ಅನಾವಶ್ಯಕವಾಗಿ ಬದಲಾಯಿಸಲ್ಪಟ್ಟ ಬಿಡಿಭಾಗಗಳೂ, ಇನ್ನೂ ಓಡಬಹುದಾಗಿದ್ದು ಗುಜರಿಗೆ ಹೋದ ಗಾಡಿಗಳೂ ಕಡಮೆಯಲ್ಲ.

೨

ಐಡ್ಲಿಂಗ್ ಸ್ಥಿತಿಯೇ ಏಕೆ ಇಷ್ಟು ಸೂಕ್ಷ್ಮವಾದುದೆಂಬುದನ್ನು ಮೊದಲು ನೋಡಬೇಕು. ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದ ಲೆಕ್ಕದಲ್ಲಿ ಅದರ ೧೪.೭ ಪಾಲು ಗಾಳಿ ಬೇಕು. ಗಾಡಿ ವೇಗವಾಗಿ ಓಡುವಾಗ ಥ್ರಾಟಲ್ ಬಾಗಿಲು ತೆರೆದಿರುವುದರಿಂದ ಎಂಜಿನ್ನಿನೊಳಕ್ಕೆ ಗಾಳಿ ಹೇರಳವಾಗಿ ಹೋಗುತ್ತದೆ. ಎಲ್ಲಿಂದಲೋ ಸ್ವಲ್ಪ ಹೆಚ್ಚಿನ ಗಾಳಿ ನುಸುಳಿದರೂ ಅಷ್ಟು ದೊಡ್ಡ ಪ್ರವಾಹದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಐಡ್ಲಿಂಗಿನಲ್ಲಿ ಹಾಗಲ್ಲ. ಥ್ರಾಟಲ್ ಬಾಗಿಲು ಬಹುತೇಕ ಮುಚ್ಚಿರುತ್ತದೆ. ಎಂಜಿನ್ನು ನಿಮಿಷಕ್ಕೆ ಸುಮಾರು ೭೦೦ರಿಂದ ೯೦೦ ಸುತ್ತು ಮಾತ್ರ ತಿರುಗುತ್ತಿರುತ್ತದೆ. ಇನ್‌ಟೇಕ್ ಕೊಳವೆಯಲ್ಲಿನ ಒತ್ತಡ ಹೊರಗಿನ ವಾಯುಮಂಡಲದ ಒತ್ತಡದ ಮೂರನೆಯ ಒಂದು ಪಾಲಿನಷ್ಟಕ್ಕೆ ಇಳಿದಿರುತ್ತದೆ. ಒಳಗೆ ಹೋಗುವ ಗಾಳಿ ಅಲ್ಪ, ಹೊರಗಿನಿಂದ ಎಳೆದುಕೊಳ್ಳುವ ಬಲ ಅಧಿಕ. ಈ ಸ್ಥಿತಿಯಲ್ಲಿ ಬಿರಿದ ಒಂದು ರಬ್ಬರು ಕೊಳವೆಯ ಮೂಲಕ ನುಗ್ಗುವ ಗಾಳಿಯೇ ಒಟ್ಟು ಗಾಳಿಯ ಗಣನೀಯ ಭಾಗವಾಗಿಬಿಡುತ್ತದೆ. ಒಂದು ಸಿಲಿಂಡರಿನ ಕಿಡಿ ಅಥವಾ ಕಂಪ್ರೆಷನ್ ದುರ್ಬಲವಾಗಿದ್ದರೂ ಅದನ್ನು ಮರೆಮಾಡುವಷ್ಟು ಚಲನಬಲ ಎಂಜಿನ್ನಿಗಿರುವುದಿಲ್ಲ. ಓಡುವಾಗ ಚೆನ್ನಾಗಿರುವ ಗಾಡಿ ನಿಂತಾಗ ಮಾತ್ರ ತೊಂದರೆ ಕೊಡುವುದಕ್ಕೆ ಇದೇ ಕಾರಣ.

೩

ಕಾರ್ಬ್ಯುರೇಟರಿನ ಕಾಲದಲ್ಲಿ ಈ ಸಮಸ್ಯೆಗೆ ಪರಿಹಾರ ಕೈಗೂ ಕಿವಿಗೂ ಸಂಬಂಧಿಸಿದುದಾಗಿತ್ತು. ೧೮೯೩ರಲ್ಲಿ ವಿಲ್ಹೆಲ್ಮ್ ಮೈಬಾಖ್ ತುಂತುರು ಕಾರ್ಬ್ಯುರೇಟರನ್ನು ರೂಪಿಸಿದ ಮೇಲೆ, ಗಾಳಿಯ ಎಳೆತವೇ ಪೆಟ್ರೋಲನ್ನು ಸಣ್ಣ ರಂಧ್ರದಿಂದ ಹೀರಿಕೊಳ್ಳುವ ಏರ್ಪಾಡು ಸರ್ವತ್ರ ರೂಢಿಗೆ ಬಂದಿತು. ನಿಧಾನ ವೇಗದಲ್ಲಿ ಈ ಎಳೆತ ಸಾಲದೆ ಹೋಗುವುದರಿಂದ ಐಡ್ಲಿಂಗಿಗೆಂದೇ ಪ್ರತ್ಯೇಕ ರಂಧ್ರವನ್ನೂ ಎರಡು ತಿರುಪುಗಳನ್ನೂ ಇಡುತ್ತಿದ್ದರು. ಒಂದು ವೇಗಕ್ಕೆ, ಇನ್ನೊಂದು ಮಿಶ್ರಣಕ್ಕೆ. ಅನುಭವಸ್ಥನಾದ ಮೆಕ್ಯಾನಿಕ್ಕು ತಿರುಪುಳಿ ಹಿಡಿದು ಶಬ್ದವನ್ನು ಕೇಳುತ್ತಲೇ ಅದನ್ನು ಸರಿಹೊಂದಿಸುತ್ತಿದ್ದನು. ಬೇರೆಲ್ಲಿಯೋ ಗಾಳಿ ಸೋರುತ್ತಿದ್ದರೂ ಆ ತಿರುಪನ್ನು ಸ್ವಲ್ಪ ಬಿಚ್ಚಿ ಪೆಟ್ರೋಲನ್ನು ಹೆಚ್ಚಿಸಿ ದೋಷವನ್ನು ಮುಚ್ಚಬಹುದಾಗಿತ್ತು.

ಪೆಟ್ರೋಲನ್ನು ಒತ್ತಡದಿಂದ ಚುಚ್ಚಿ ಕೊಡುವ ಕ್ರಮ ಕಾರುಗಳಿಗಿಂತ ಮೊದಲು ವಿಮಾನಗಳಲ್ಲಿ ನೆಲೆಗೊಂಡಿತು. ಇದನ್ನು ಯಾಂತ್ರಿಕ ಪಂಪಿನ ಮೂಲಕ ರಸ್ತೆಗೆ ತಂದ ಆರಂಭದ ಕಾರುಗಳಲ್ಲಿ ೧೯೫೪ರ ಮರ್ಸಿಡಿಸ್ ಬೆಂಜ್ ೩೦೦ ಎಸ್‌ಎಲ್ ಒಂದು. ವಿದ್ಯುತ್ತಿನಿಂದ ಇಂಜೆಕ್ಟರುಗಳನ್ನು ತೆರೆಯುವ ಆರಂಭದ ಪ್ರಯತ್ನಗಳಲ್ಲಿ ಒಂದು ಅಮೆರಿಕದ ಬೆಂಡಿಕ್ಸ್ ಸಂಸ್ಥೆಯ ‘ಎಲೆಕ್ಟ್ರೋಜೆಕ್ಟರ್’. ೧೯೫೭ರ ರ್‍ಯಾಂಬ್ಲರ್ ರೆಬೆಲ್ ಕಾರಿಗೆ ಇದನ್ನು ಪ್ರಕಟಿಸಲಾಯಿತು. ೧೯೫೮ರಲ್ಲಿ ಕ್ರೈಸ್ಲರ್ ಸಂಸ್ಥೆಯ ಅತ್ಯಲ್ಪ ಸಂಖ್ಯೆಯ ಕಾರುಗಳಿಗೆ ಅಳವಡಿಸಲಾಯಿತು. ಎಂಜಿನ್ನಿನ ಬಿಸಿಯನ್ನೂ ಅದುರಾಟವನ್ನೂ ತಡೆದುಕೊಳ್ಳುವ ವಿದ್ಯುದುಪಕರಣಗಳು ಆಗ ಇನ್ನೂ ಸಿದ್ಧವಾಗಿರಲಿಲ್ಲ. ಆ ಕಾರುಗಳಲ್ಲಿ ಬಹುಪಾಲಿಗೆ ಮರಳಿ ಕಾರ್ಬ್ಯುರೇಟರನ್ನೇ ಕೂಡಿಸಬೇಕಾಯಿತು. ಕಲ್ಪನೆ ಸರಿಯಾಗಿದ್ದೂ ಅದಕ್ಕೆ ಬೇಕಾದ ಪೂರಕ ವಸ್ತುಗಳು ಇಲ್ಲದೆ ಸೋತ ಪ್ರಯೋಗಗಳಿಗೆ ಇದೊಂದು ನಿದರ್ಶನ.

ಬೆಂಡಿಕ್ಸ್ ಪೇಟೆಂಟುಗಳ ಪರವಾನಗಿ ಪಡೆದ ಜರ್ಮನಿಯ ಬಾಷ್ ಸಂಸ್ಥೆ ಟ್ರಾನ್ಸಿಸ್ಟರುಗಳ ನೆರವಿನಿಂದ ೧೯೬೭ರಲ್ಲಿ ‘ಡಿ-ಜೆಟ್ರಾನಿಕ್’ ವ್ಯವಸ್ಥೆಯನ್ನು ಹೊರತಂದಿತು. ಅದು ಮೊದಲು ಕಾಣಿಸಿಕೊಂಡುದು ಅಮೆರಿಕಕ್ಕೆ ರಫ್ತಾಗುತ್ತಿದ್ದ ಫೋಕ್ಸ್‌ವ್ಯಾಗನ್ ೧೬೦೦ ಕಾರಿನಲ್ಲಿ. ಇದಕ್ಕೆ ಪ್ರೇರಣೆ ವೇಗದ ಆಸೆಯಲ್ಲ, ಹೊಗೆಯ ಕಾನೂನು. ಕ್ಯಾಲಿಫೋರ್ನಿಯದಲ್ಲಿ ೧೯೬೬ರ ಮಾದರಿಗಳಿಂದಲೂ, ಅಮೆರಿಕದ ಉಳಿದೆಡೆ ೧೯೬೮ರ ಮಾದರಿಗಳಿಂದಲೂ ಕಾರುಗಳ ಹೊಗೆಗೆ ಮಿತಿಗಳು ಜಾರಿಗೆ ಬಂದಿದ್ದವು. ಐಡ್ಲಿಂಗ್ ದೋಷದ ಚರಿತ್ರೆಯಲ್ಲಿ ಇದು ಮುಖ್ಯವಾದ ತಿರುವು. ಅಂದಿನವರೆಗೆ ಎಂಜಿನ್ನು ಸಮವಾಗಿ ತಿರುಗಿದರೆ ಸಾಕಾಗಿತ್ತು. ಅಂದಿನಿಂದ ಅದು ಸಮವಾಗಿಯೂ ಶುದ್ಧವಾಗಿಯೂ ತಿರುಗಬೇಕಾಯಿತು. ಪೆಟ್ರೋಲು ಹೆಚ್ಚಿಸಿ ದೋಷ ಮುಚ್ಚುವ ಹಳೆಯ ಉಪಾಯಕ್ಕೆ ಇನ್ನು ಎಡೆಯಿರಲಿಲ್ಲ.

೪

ಡಿ-ಜೆಟ್ರಾನಿಕ್ ಹೆಸರಿನ ಮೊದಲ ಅಕ್ಷರ ಜರ್ಮನ್ ಭಾಷೆಯ ‘ಡ್ರುಕ್’, ಎಂದರೆ ಒತ್ತಡ ಎಂಬ ಪದವನ್ನು ಸೂಚಿಸುತ್ತದೆ. ಈ ವ್ಯವಸ್ಥೆ ಗಾಳಿಯನ್ನು ನೇರವಾಗಿ ಅಳೆಯದೆ, ಇನ್‌ಟೇಕ್ ಕೊಳವೆಯ ಒತ್ತಡವನ್ನು ಅಳೆದು ಅದರಿಂದ ಗಾಳಿಯನ್ನು ಊಹಿಸುತ್ತದೆ. ೧೯೭೩-೭೪ರಲ್ಲಿ ಬಂದ ‘ಎಲ್-ಜೆಟ್ರಾನಿಕ್’ ಮತ್ತು ೧೯೭೩ರ ‘ಕೆ-ಜೆಟ್ರಾನಿಕ್’ ವ್ಯವಸ್ಥೆಗಳು ಗಾಳಿಯ ಪ್ರವಾಹವನ್ನೇ ಅಳೆದವು. ಎಲ್ ಎಂಬುದು ‘ಲುಫ್ಟ್’, ಎಂದರೆ ಗಾಳಿ. ಇದರಲ್ಲಿ ಗಾಳಿ ತಳ್ಳಿದಂತೆ ತೆರೆಯುವ ಒಂದು ಬಾಗಿಲಿನ ಸ್ಥಾನವನ್ನು ವಿದ್ಯುತ್ತಿನಿಂದ ತಿಳಿಯುತ್ತಾರೆ. ಕೆ ಎಂಬುದು ನಿರಂತರತೆಯ ಸೂಚಕ. ಇದರಲ್ಲಿ ಗಾಳಿಯಿಂದ ಮೇಲೇಳುವ ಒಂದು ತಟ್ಟೆ ಪೆಟ್ರೋಲಿನ ಹರಿವನ್ನು ಯಾಂತ್ರಿಕವಾಗಿ ನಿಯಂತ್ರಿಸುತ್ತದೆ.

ಈ ಎರಡು ಬಗೆಗಳಿಗಿರುವ ವ್ಯತ್ಯಾಸವನ್ನು ತಿಳಿಯದೆ ದೋಷವನ್ನು ಹುಡುಕಲು ಹೊರಟವನು ದಾರಿ ತಪ್ಪುವುದು ಖಂಡಿತ. ಥ್ರಾಟಲ್ ಬಾಗಿಲಿನ ಆಚೆ ಒಂದು ರಬ್ಬರು ಕೊಳವೆ ಬಿರಿದಿದೆಯೆಂದು ಭಾವಿಸೋಣ. ಒತ್ತಡವನ್ನು ಅಳೆಯುವ ಕಾರಿನಲ್ಲಿ, ನುಸುಳಿದ ಗಾಳಿಯಿಂದ ಒತ್ತಡ ಏರುತ್ತದೆ. ನಿಯಂತ್ರಕ ಪೆಟ್ಟಿಗೆ ಅದನ್ನು ಗಮನಿಸಿ ಪೆಟ್ರೋಲನ್ನೂ ಹೆಚ್ಚಿಸುತ್ತದೆ. ಪರಿಣಾಮವಾಗಿ ಎಂಜಿನ್ನು ನಿಲ್ಲುವುದರ ಬದಲು ಬೇಕಾದುದಕ್ಕಿಂತ ವೇಗವಾಗಿ ತಿರುಗುತ್ತದೆ. ಪ್ರವಾಹವನ್ನು ಅಳೆಯುವ ಕಾರಿನಲ್ಲಿ ಅದೇ ಗಾಳಿ ಮಾಪಕವನ್ನು ಹಾದುಬರದೆ ಹಿಂಬಾಗಿಲಿನಿಂದ ಒಳಹೊಕ್ಕಂತಾಗುತ್ತದೆ. ಅದಕ್ಕೆ ತಕ್ಕ ಪೆಟ್ರೋಲು ಸಿಗುವುದಿಲ್ಲ. ಮಿಶ್ರಣ ತೆಳುವಾಗಿ ಎಂಜಿನ್ನು ಅದುರುತ್ತದೆ, ನಿಂತುಹೋಗುತ್ತದೆ. ಬಿರುಕು ಒಂದೇ, ಲಕ್ಷಣಗಳು ಪರಸ್ಪರ ವಿರುದ್ಧ. ಹಾಗೆಯೇ ಒತ್ತಡಮಾಪಕಕ್ಕೆ ಹೋಗುವ ಕೊಳವೆಯೇ ಕಳಚಿದ್ದರೆ ಮಾಪಕ ಹೊರಗಿನ ಪೂರ್ಣ ಒತ್ತಡವನ್ನು ಕಾಣುತ್ತದೆ; ಪೆಟ್ರೋಲು ಮಿತಿಮೀರಿ ಸುರಿದು ಕಪ್ಪು ಹೊಗೆ ಬರುತ್ತದೆ.

ಪ್ರವಾಹವನ್ನು ಅಳೆಯುವ ಕಾರುಗಳಲ್ಲಿ ಎಂಜಿನ್ ಆಯಿಲಿನ ಮುಚ್ಚಳವೂ ಇಂಧನ ವ್ಯವಸ್ಥೆಯ ಅಂಗವೇ ಆಗುತ್ತದೆಂಬುದು ಗಮನಾರ್ಹ. ಕ್ರ್ಯಾಂಕ್ ಪೆಟ್ಟಿಗೆಯ ಆವಿಯನ್ನು ಇನ್‌ಟೇಕಿಗೆ ಸೇರಿಸಿರುವುದರಿಂದ ಮುಚ್ಚಳ ಸಡಿಲವಾದರೆ ಅಲ್ಲಿಂದಲೂ ಅಳತೆಗೆ ಸಿಗದ ಗಾಳಿ ಒಳಹೋಗುತ್ತದೆ. ಇದನ್ನೇ ಹಳೆಯ ಮೆಕ್ಯಾನಿಕ್ಕುಗಳು ಪರೀಕ್ಷೆಯಾಗಿ ಮಾಡಿಕೊಂಡರು. ಐಡ್ಲಿಂಗಿನಲ್ಲಿ ಆ ಮುಚ್ಚಳವನ್ನು ತೆಗೆದರೆ ಆರೋಗ್ಯವಾದ ಎಂಜಿನ್ನು ಕೂಡಲೇ ತೊಡಕಬೇಕು. ಏನೂ ವ್ಯತ್ಯಾಸವಾಗದಿದ್ದರೆ ಬೇರೆಲ್ಲೋ ಈಗಾಗಲೇ ದೊಡ್ಡ ಸೋರಿಕೆಯಿದೆಯೆಂದು ಶಂಕಿಸಬೇಕು.

೫

ಮೂರನೆಯ ಘಟ್ಟ ೧೯೭೬ರಲ್ಲಿ ಆರಂಭವಾಯಿತು. ಕ್ಯಾಲಿಫೋರ್ನಿಯಕ್ಕೆಂದು ತಯಾರಾದ ವೋಲ್ವೋ ಕಾರುಗಳಲ್ಲಿ ಹೊಗೆಕೊಳವೆಯ ಆಮ್ಲಜನಕವನ್ನು ಪತ್ತೆಹಚ್ಚುವ ಲ್ಯಾಂಬ್ಡಾ ಸಂವೇದಕವನ್ನು ಅಳವಡಿಸಲಾಯಿತು. ಇದು ಸುಮಾರು ೩೦೦ ಡಿಗ್ರಿ ಸೆಂಟಿಗ್ರೇಡಿಗಿಂತ ಬಿಸಿಯಾದ ಮೇಲೆ, ಮಿಶ್ರಣ ತೆಳುವಾಗಿದ್ದರೆ ೦.೧ ವೋಲ್ಟಿನಷ್ಟನ್ನೂ ದಟ್ಟವಾಗಿದ್ದರೆ ೦.೯ ವೋಲ್ಟಿನಷ್ಟನ್ನೂ ಸೂಚಿಸುತ್ತದೆ. ನಿಯಂತ್ರಕವು ಈ ಸೂಚನೆಯನ್ನು ನೋಡಿ ತನ್ನ ಲೆಕ್ಕವನ್ನು ತಾನೇ ತಿದ್ದಿಕೊಳ್ಳುತ್ತದೆ. ೧೯೭೯ರಲ್ಲಿ ಬಿಎಂಡಬ್ಲ್ಯು ೭೩೨ಐ ಕಾರಿನ ‘ಮೋಟ್ರಾನಿಕ್’ ವ್ಯವಸ್ಥೆ ಕಿಡಿಯನ್ನೂ ಇಂಧನವನ್ನೂ ಒಂದೇ ಪೆಟ್ಟಿಗೆಯ ಅಧೀನಕ್ಕೆ ತಂದಿತು. ಅಮೆರಿಕದಲ್ಲಿ ೧೯೯೬ರ ಮಾದರಿಗಳಿಂದ, ದೋಷವನ್ನು ಸಂಖ್ಯೆಯ ರೂಪದಲ್ಲಿ ದಾಖಲಿಸುವ ಒಬಿಡಿ-೨ ಕ್ರಮ ಕಡ್ಡಾಯವಾಯಿತು.

ದೋಷವನ್ನು ಯಂತ್ರವೇ ಹೇಳುವ ಕಾಲ ಬಂದಿತೆಂದು ಹಲವರು ಭಾವಿಸಿದರು. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಇಲ್ಲಿ ಒಂದು ಪರಿಚಿತವಾದ ತೊಡಕು ಕಾಣುತ್ತದೆ. ಸಾಕ್ಷಿ ಸುಳ್ಳು ಹೇಳದಿದ್ದರೂ ಅವನ ಮಾತಿನ ಅರ್ಥವನ್ನು ನಾವು ತಪ್ಪಾಗಿ ಗ್ರಹಿಸಬಹುದು. ಉದಾಹರಣೆಗೆ, ಒಂದು ಸಿಲಿಂಡರಿನಲ್ಲಿ ಪ್ಲಗ್ಗು ಕಿಡಿಯನ್ನು ಕೊಡುತ್ತಿಲ್ಲ. ಅದರೊಳಗಿನ ಪೆಟ್ರೋಲೂ ಗಾಳಿಯೂ ಉರಿಯದೆ ಹೊರಬೀಳುತ್ತವೆ. ಸಂವೇದಕ ಆಮ್ಲಜನಕವನ್ನು ಮಾತ್ರ ಬಲ್ಲುದು. ಉರಿಯದ ಆಮ್ಲಜನಕವನ್ನು ಕಂಡು ಮಿಶ್ರಣ ತೆಳುವಾಗಿದೆಯೆಂದು ವರದಿ ಮಾಡುತ್ತದೆ. ನಿಯಂತ್ರಕ ಪೆಟ್ರೋಲನ್ನು ಹೆಚ್ಚಿಸುತ್ತದೆ, ಉಳಿದ ಪ್ಲಗ್ಗುಗಳಿಗೂ ಮಸಿ ಹಿಡಿಯತೊಡಗುತ್ತದೆ, ದೋಷ ಉಲ್ಬಣಿಸುತ್ತದೆ. ದಾಖಲೆಯಲ್ಲಿರುವುದು ‘ಮಿಶ್ರಣ ತೆಳು’ ಎಂಬ ಸಂಖ್ಯೆ. ಅದನ್ನು ನಂಬಿ ಸಂವೇದಕವನ್ನೋ ಇಂಧನ ಪಂಪನ್ನೋ ಬದಲಾಯಿಸಿದವನಿಗೆ ಹಣ ಹೋಗುತ್ತದೆ, ದೋಷ ಹೋಗುವುದಿಲ್ಲ. ಶಾಸನವೊಂದರಲ್ಲಿ ಏನು ಬರೆದಿದೆಯೆಂಬುದು ಒಂದು ಪ್ರಶ್ನೆ, ಅದನ್ನು ಬರೆದವನು ಏನನ್ನು ಕಂಡಿರಲು ಸಾಧ್ಯವಿತ್ತೆಂಬುದು ಇನ್ನೊಂದು ಪ್ರಶ್ನೆ. ಈ ಎರಡನೆಯ ಪ್ರಶ್ನೆಯನ್ನು ದೋಷಸಂಖ್ಯೆಗೂ ಕೇಳುವುದು ಅವಶ್ಯಕ.

೬

ಭಾರತಕ್ಕೆ ಈ ಪರಿವರ್ತನೆ ತಡವಾಗಿಯೂ ಹಠಾತ್ತಾಗಿಯೂ ಬಂದಿತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ೧೯೮೩ರಲ್ಲಿ ಬಂದ ಮಾರುತಿ ೮೦೦ ಇವೆಲ್ಲ ಕಾರ್ಬ್ಯುರೇಟರಿನ ಗಾಡಿಗಳಾಗಿದ್ದವು. ೧೯೯೮ರ ಹ್ಯುಂಡೈ ಸ್ಯಾಂಟ್ರೋ ಕಾರಿನಂತಹವು ಇಂಜೆಕ್ಷನ್ನಿನೊಡನೆಯೇ ಬಂದವು. ೧೯೯೯ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ದೆಹಲಿ ಪ್ರದೇಶದ ಹೊಸ ಖಾಸಗಿ ಕಾರುಗಳಿಗೆ ಮೊದಲು ಯೂರೋ ೧, ೨೦೦೦ದ ಏಪ್ರಿಲಿನಿಂದ ಯೂರೋ ೨ ಮಿತಿಗಳನ್ನು ವಿಧಿಸಿತು. ಸೀಸವಿಲ್ಲದ ಪೆಟ್ರೋಲು ೨೦೦೦ದ ಫೆಬ್ರವರಿಯಿಂದ ದೇಶಾದ್ಯಂತ ದೊರೆಯತೊಡಗಿತು. ಕೆಲವೇ ವರ್ಷಗಳಲ್ಲಿ ‘ಎಂಪಿಎಫ್‌ಐ’ ಎಂಬ ನಾಲ್ಕಕ್ಷರಗಳು ಹಳ್ಳಿಯ ಪೆಟ್ರೋಲು ಬಂಕಿನವರೆಗೂ ಪರಿಚಿತವಾದವು. ಅಮೆರಿಕದ ಮೆಕ್ಯಾನಿಕ್ಕುಗಳು ಮೂವತ್ತು ವರ್ಷಗಳಲ್ಲಿ ಮೆಟ್ಟಲು ಮೆಟ್ಟಲಾಗಿ ಕಲಿತುದನ್ನು ನಮ್ಮವರು ಒಂದೇ ಜಿಗಿತದಲ್ಲಿ ಎದುರಿಸಬೇಕಾಯಿತು.

ಕರ್ನಾಟಕದ ಮಟ್ಟಿಗೆ ಇದರಲ್ಲಿ ಒಂದು ವಿಶೇಷವಿದೆ. ಬಾಷ್ ಸಂಸ್ಥೆಯ ಸಂಬಂಧದಿಂದ ೧೯೫೧ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ, ೨೦೦೮ರಲ್ಲಿ ಬಾಷ್ ಲಿಮಿಟೆಡ್ ಎಂಬ ಹೆಸರನ್ನು ಪಡೆದ ಮೈಕೋ ಕಾರ್ಖಾನೆ, ಡೀಸೆಲ್ ಇಂಜೆಕ್ಷನ್ ಪಂಪುಗಳನ್ನೂ ಸ್ಪಾರ್ಕ್ ಪ್ಲಗ್ಗುಗಳನ್ನೂ ದಶಕಗಳ ಕಾಲ ತಯಾರಿಸಿತು. ಹೀಗಾಗಿ ಇಂಜೆಕ್ಷನ್ ಎಂಬ ಮಾತು ನಮ್ಮ ಗ್ಯಾರೇಜುಗಳಿಗೆ ಹೊಸದಾಗಿರಲಿಲ್ಲ. ಲಾರಿಗಳ ಪಂಪನ್ನು ಬಿಚ್ಚಿ ಜೋಡಿಸಬಲ್ಲ ಕುಶಲರು ಸಾಕಷ್ಟು ಮಂದಿಯಿದ್ದರು. ಆದರೆ ಆ ಜ್ಞಾನ ಲೋಹ ಮತ್ತು ಒತ್ತಡಗಳ ಜ್ಞಾನವಾಗಿತ್ತು. ಡೀಸೆಲ್ ಎಂಜಿನ್ನಿಗೆ ಗಾಳಿಯ ಪ್ರಮಾಣ ನಿಖರವಾಗಿರಬೇಕಾದ ಅಗತ್ಯವಿಲ್ಲ. ಪೆಟ್ರೋಲು ಎಂಜಿನ್ನಿಗೆ ಅದೇ ಪ್ರಾಣ. ಆದುದರಿಂದ ಇದ್ದ ಪಾಂಡಿತ್ಯ ನೇರವಾಗಿ ವರ್ಗಾವಣೆಯಾಗಲಿಲ್ಲ. ಗಾಳಿಯ ಸೋರಿಕೆಯನ್ನು ಮೊದಲು ನೋಡಬೇಕೆಂಬ ಪಾಠವನ್ನು ಬೇರೆಯಾಗಿಯೇ ಕಲಿಯಬೇಕಾಯಿತು.

ಸ್ಥಳದ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನಿರ್ವಾತಮಾಪಕವು ಸಮುದ್ರಮಟ್ಟದಲ್ಲಿ ಆರೋಗ್ಯವಾದ ಎಂಜಿನ್ನಿನ ಐಡ್ಲಿಂಗಿಗೆ ೧೭ರಿಂದ ೨೧ ಅಂಗುಲ ಪಾದರಸವನ್ನು ತೋರಿಸಬೇಕೆಂದು ಕೈಪಿಡಿಗಳು ಹೇಳುತ್ತವೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಇದು ಸುಮಾರು ಒಂದು ಅಂಗುಲ ಇಳಿಯುತ್ತದೆ. ಮಂಗಳೂರಿನಲ್ಲಿ ೧೮ ಅಂಗುಲ ತೋರಿಸುವ ಎಂಜಿನ್ನು ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿ ೧೫ ಅಂಗುಲ ತೋರಿಸಿದರೆ ಅದು ದೋಷವಲ್ಲ. ಮುಳ್ಳು ಸ್ಥಿರವಾಗಿರುವುದೇ ಮುಖ್ಯ. ಅದು ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಕುಸಿದರೆ ಯಾವುದೋ ಒಂದು ಸಿಲಿಂಡರಿನ ವಾಲ್ವನ್ನು ಪರೀಕ್ಷಿಸಬೇಕು.

೭

ಮೇಲ್ಕಂಡ ಚರಿತ್ರೆಯಿಂದ ಪರಿಶೀಲನೆಯ ಒಂದು ಕ್ರಮ ತಾನಾಗಿಯೇ ಹೊರಡುತ್ತದೆ. ಮೊದಲು ಗಾಡಿ ಯಾವ ಪೀಳಿಗೆಯದು, ಒತ್ತಡವನ್ನು ಅಳೆಯುವುದೋ ಪ್ರವಾಹವನ್ನೋ ಎಂಬುದನ್ನು ನಿರ್ಧರಿಸಬೇಕು. ಅನಂತರ ದೋಷ ಯಾವಾಗ ಕಾಣುತ್ತದೆಂಬುದನ್ನು ವಿಚಾರಿಸಬೇಕು. ತಣ್ಣಗಿದ್ದಾಗ ಮಾತ್ರ ಕಾಣುವ ದೋಷಕ್ಕೆ ತಾಪಸಂವೇದಕವನ್ನು ಪರೀಕ್ಷಿಸುವುದು ಯುಕ್ತ. ಬಾಷ್ ಮಾದರಿಯ ತಾಪಸಂವೇದಕದ ವಿದ್ಯುದ್ರೋಧ ೨೦ ಡಿಗ್ರಿಯಲ್ಲಿ ಸುಮಾರು ೨೫೦೦ ಓಮ್, ೮೦ ಡಿಗ್ರಿಯಲ್ಲಿ ಸುಮಾರು ೩೦೦ ಓಮ್ ಇರುತ್ತದೆ. ಅದರ ತಂತಿ ಕಳಚಿದ್ದರೆ ಹಳೆಯ ನಿಯಂತ್ರಕಗಳು ಎಂಜಿನ್ನು ಕೊರೆಯುವ ಚಳಿಯಲ್ಲಿದೆಯೆಂದು ಭಾವಿಸಿ ಪೆಟ್ರೋಲನ್ನು ಸುರಿಸುತ್ತವೆ. ಕೆಲವು ನಿಮಿಷ ಚೆನ್ನಾಗಿ ನಡೆದು, ಬಿಸಿಯಾದ ಮೇಲೆ ಮಾತ್ರ ಕೆಡುವುದಾದರೆ ಲ್ಯಾಂಬ್ಡಾ ಸಂವೇದಕ ಕಾರ್ಯಾರಂಭ ಮಾಡಿದ ಮೇಲೆ ಏನಾಗುತ್ತಿದೆಯೆಂಬುದನ್ನು ನೋಡಬೇಕು. ಸಿಗ್ನಲಿನಲ್ಲಿ ನಿಲ್ಲಿಸುವಾಗ ಮಾತ್ರ ಎಂಜಿನ್ನು ನಿಂತುಹೋಗುವುದಾದರೆ, ಥ್ರಾಟಲ್ ಬಾಗಿಲಿನ ಅಂಚಿನಲ್ಲಿಯೂ ಐಡ್ಲಿಂಗ್ ಗಾಳಿಯ ವಾಲ್ವಿನಲ್ಲಿಯೂ ಕಟ್ಟಿಕೊಂಡ ಮಸಿಯೇ ಪ್ರಾಯಶಃ ಕಾರಣ.

ಮೂರನೆಯದಾಗಿ, ದೋಷ ಎಲ್ಲ ಸಿಲಿಂಡರುಗಳದೋ ಒಂದರದೋ ಎಂಬುದನ್ನು ಬೇರ್ಪಡಿಸಬೇಕು. ಐಡ್ಲಿಂಗಿನಲ್ಲಿ ಒಂದೊಂದೇ ಇಂಜೆಕ್ಟರಿನ ತಂತಿಯನ್ನು ಕಳಚಿ ನೋಡಿದರೆ, ಕೆಲಸ ಮಾಡುತ್ತಿರುವ ಸಿಲಿಂಡರಿನ ವಿಷಯದಲ್ಲಿ ವೇಗ ಇಳಿಯುತ್ತದೆ. ಕೆಲಸ ಮಾಡದಿರುವುದರ ವಿಷಯದಲ್ಲಿ ಇಳಿಯುವುದಿಲ್ಲ. ಒಂದರದೇ ದೋಷವಾದರೆ ಅದರ ಪ್ಲಗ್ಗು, ಕೇಬಲ್ಲು, ಇಂಜೆಕ್ಟರು, ಕಂಪ್ರೆಷನ್ನುಗಳನ್ನು ನೋಡಬೇಕು. ಎಲ್ಲದರದಾದರೆ ರಬ್ಬರು ಕೊಳವೆಗಳನ್ನು ಒಂದೊಂದಾಗಿ ಅದುಮಿ ನೋಡಿ, ಪೆಟ್ರೋಲಿನ ಒತ್ತಡವನ್ನು ಅಳೆಯಬೇಕು. ಡಿ-ಜೆಟ್ರಾನಿಕ್ಕಿಗೆ ಇದು ಸುಮಾರು ೨ ಬಾರ್, ಎಲ್-ಜೆಟ್ರಾನಿಕ್ಕಿಗೆ ಸುಮಾರು ೨.೫ ಬಾರ್. ಒತ್ತಡ ನಿಯಂತ್ರಕದ ನಿರ್ವಾತ ಕೊಳವೆಯಲ್ಲಿ ಪೆಟ್ರೋಲಿನ ಪಸೆ ಕಂಡರೆ ಒಳಗಿನ ಪೊರೆ ಹರಿದಿದೆಯೆಂದು ತಿಳಿಯಬೇಕು. ಬ್ಯಾಟರಿಯ ಅರ್ಥ್ ತಂತಿಯ ತುಕ್ಕನ್ನೂ ತಂತಿಗಳ ಕೀಲುಗಳನ್ನೂ ಶುಚಿಗೊಳಿಸುವುದು ಇವೆಲ್ಲಕ್ಕಿಂತ ಅಗ್ಗವಾದ ಕಾರ್ಯ. ನಿಯಂತ್ರಕ ಪೆಟ್ಟಿಗೆಯ ಸರದಿ ಕಟ್ಟಕಡೆಯದು.

ಈ ಚರಿತ್ರೆ ಇನ್ನೂ ಮುಗಿದಿಲ್ಲ. ೨೦೨೩ರ ಫೆಬ್ರವರಿಯಲ್ಲಿ ಶೇಕಡ ೨೦ ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಎಥನಾಲಿನಲ್ಲಿ ಆಮ್ಲಜನಕವಿರುವುದರಿಂದ ಅಷ್ಟೇ ಗಾಳಿಗೆ ಶೇಕಡ ೭-೮ರಷ್ಟು ಹೆಚ್ಚು ಇಂಧನ ಬೇಕಾಗುತ್ತದೆ. ಲ್ಯಾಂಬ್ಡಾ ಸಂವೇದಕವಿರುವ ಕಾರು ಇದನ್ನು ತಾನೇ ತಿದ್ದಿಕೊಳ್ಳಬಲ್ಲುದಾದರೂ ಆ ತಿದ್ದುಪಡಿಗೆ ಮಿತಿಯುಂಟು. ಸಣ್ಣ ಸೋರಿಕೆಯನ್ನು ಸರಿದೂಗಿಸುವುದರಲ್ಲಿಯೇ ಅದರ ಬಹುಭಾಗ ವ್ಯಯವಾಗಿದ್ದರೆ, ಅಲ್ಲಿಯವರೆಗೆ ಅಡಗಿದ್ದ ದೋಷ ಹೊಸ ಇಂಧನದೊಡನೆ ಹೊರಬೀಳುತ್ತದೆ. ಲ್ಯಾಂಬ್ಡಾ ಇಲ್ಲದ ಇನ್ನೂ ಹಳೆಯ ಇಂಜೆಕ್ಷನ್ ಕಾರುಗಳಲ್ಲಿ ಮಿಶ್ರಣ ಅಷ್ಟರಮಟ್ಟಿಗೆ ತೆಳುವಾಗಿಯೇ ಉಳಿಯುತ್ತದೆ. ಆಗ ಇಂಧನವನ್ನು ಮಾತ್ರ ದೂರುವುದೂ, ಯಂತ್ರವನ್ನು ಮಾತ್ರ ದೂರುವುದೂ ಅರ್ಧಸತ್ಯವೇ ಆದೀತು.

ಈ ವಿವೇಚನೆಯಿಂದ ತಿಳಿದುಬರುವುದಿಷ್ಟು. ಹೊಸ ವ್ಯವಸ್ಥೆ ಬಂದಾಗಲೆಲ್ಲ ಹಳೆಯ ಕುಶಲಕರ್ಮಿಯ ಜ್ಞಾನ ನಿರುಪಯುಕ್ತವಾಯಿತೆಂಬ ಮಾತು ಕೇಳಿಬರುತ್ತದೆ. ಅವನ ಕೈಯ ತಿರುಪುಳಿಗೆ ಕೆಲಸ ತಪ್ಪಿದುದು ನಿಜ. ಆದರೆ ಗಾಳಿ, ಕಿಡಿ, ಇಂಧನ, ಕಂಪ್ರೆಷನ್ ಎಂಬ ಕ್ರಮದಲ್ಲಿ ಯೋಚಿಸುವ ಅವನ ಶಿಸ್ತು ಒಬಿಡಿ ಯಂತ್ರದ ಮುಂದೆಯೂ ಅಷ್ಟೇ ಅವಶ್ಯಕವಾಗಿ ಉಳಿದಿದೆ. ಈ ಜ್ಞಾನದ ಬಹುಭಾಗ ನಮ್ಮಲ್ಲಿ ಬರವಣಿಗೆಗೆ ಇಳಿದಿಲ್ಲ. ಗುರುವಿನ ಕೈಯಿಂದ ಶಿಷ್ಯನ ಕೈಗೆ ದಾಟಿ ಬಂದಿದೆ. ಕಾರ್ಬ್ಯುರೇಟರನ್ನೂ ಇಂಜೆಕ್ಷನ್ನನ್ನೂ ಬಲ್ಲ ಪೀಳಿಗೆಯ ಮೆಕ್ಯಾನಿಕ್ಕುಗಳು ಈಗ ವೃದ್ಧಾಪ್ಯಕ್ಕೆ ಸಮೀಪಿಸಿದ್ದಾರೆ. ನಮ್ಮ ಕಾಲೇಜುಗಳ ಚರಿತ್ರೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಳೆಯ ಗ್ಯಾರೇಜುಗಳಿಗೆ ಹೋಗಿ ಅವರ ಅನುಭವವನ್ನು ಕೇಳಿ ಬರೆದಿಟ್ಟರೆ, ಮುಂದೆ ಕರ್ನಾಟಕದ ಕೈಗಾರಿಕಾ ಚರಿತ್ರೆಯನ್ನು ಬರೆಯುವವರಿಗೆ ಅದು ಅಮೂಲ್ಯವಾದ ಆಕರವಾಗುವುದರಲ್ಲಿ ಸಂದೇಹವಿಲ್ಲ.